ಕಾಗದವಿಲ್ಲದೆ ಬಂದವರ ಮಾತನ್ನು ನಂಬುವುದು ಹೇಗೆ?

ಮೈಸೂರಿನಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಸಾಕ್ಷ್ಯದ ವಿಷಯ ಪಾಠ ಮಾಡುವ ನನಗೆ ಪ್ರತಿ ವರ್ಷವೂ ಎದುರಾಗುವ ಪ್ರಶ್ನೆಯೊಂದಿದೆ: "ಸಾರ್, ನಿರಾಶ್ರಿತನೆಂದು ಆಶ್ರಯ ಕೇಳಿದವನ ಮಾತನ್ನು ಮೊದಲ ಹಂತದಲ್ಲಿ ನಂಬಲಿಲ್ಲವೆಂದ ಮೇಲೆ, ಮೇಲ್ಮನವಿಯಲ್ಲಿ ನೋಡುವುದಕ್ಕೆ ಇನ್ನೇನು ಉಳಿದಿರುತ್ತದೆ?"

ಬೈಲುಕುಪ್ಪೆ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ನಿರಾಶ್ರಿತರೆಂದರೆ ನಮ್ಮವರಿಗೆ ಮೊದಲು ನೆನಪಾಗುವವರು ಟಿಬೆಟಿಯನ್ನರು. ಆದರೆ 1960ರ ದಶಕದ ಆರಂಭದಲ್ಲಿ ಅವರಿಗೆ ಸಮೂಹವಾಗಿಯೇ ನೆಲೆ ದೊರೆಯಿತು; ಒಬ್ಬೊಬ್ಬರ ಮಾತನ್ನು ಬೇರೆಬೇರೆಯಾಗಿ ತೂಗುವ ಪ್ರಶ್ನೆ ಅಲ್ಲಿ ಮುಖ್ಯವಾಗಲಿಲ್ಲ. ಭಾರತವು 1951ರ ನಿರಾಶ್ರಿತರ ಒಪ್ಪಂದವನ್ನು ಅಂಗೀಕರಿಸಿಲ್ಲ. ಆದ್ದರಿಂದ ನಾನು ಕೆನಡಾದ ಪದ್ಧತಿಯನ್ನು ಆಧರಿಸಿ ಉತ್ತರಿಸುತ್ತೇನೆ; ಅಲ್ಲಿ ತಿರಸ್ಕೃತವಾದ ಆಶ್ರಯದ ಅರ್ಜಿಗಳನ್ನು ಮತ್ತೆ ನೋಡಲೆಂದೇ ಮೀಸಲಾದ ಮೇಲ್ಮನವಿ ವಿಭಾಗವು 2012ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿದೆ.

ಪ್ರಮಾಣ ಮಾಡಿ ಹೇಳಿದ ಮಾತನ್ನು, ಸಂಶಯಪಡಲು ಕಾರಣವಿಲ್ಲದಿದ್ದರೆ, ನಿಜವೆಂದೇ ಭಾವಿಸಬೇಕೆಂದು ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಮಾಲ್ಡೊನಾಡೊ ಪ್ರಕರಣದಲ್ಲಿ ಹೇಳಿದೆ. ಗುರುತಿನ ಪತ್ರದ ವಿಷಯದಲ್ಲಿ ಮಾತ್ರ ಕಾನೂನು ಬಿಗಿಯಾಗಿದೆ: ಪತ್ರವಿಲ್ಲದವರು ಏಕಿಲ್ಲವೆಂಬುದಕ್ಕೆ ಒಪ್ಪತಕ್ಕ ವಿವರಣೆ ಕೊಡಬೇಕು, ಇಲ್ಲವೇ ಅದನ್ನು ಪಡೆಯಲು ತಾವು ಮಾಡಿದ ಪ್ರಯತ್ನವನ್ನು ತೋರಿಸಬೇಕು.

ನನ್ನ ದೃಷ್ಟಿಯಲ್ಲಿ ಮೇಲ್ಮನವಿಯ ಜೀವಾಳವಿರುವುದು ಮೊದಲ ಹಂತದ ತೀರ್ಪುಗಾರರು ಯೋಚಿಸಿದ ಕ್ರಮದಲ್ಲಿ. ಅರ್ಜಿದಾರನ ಮಾತು ನಂಬತಕ್ಕದ್ದಲ್ಲವೆಂದು ಮೊದಲೇ ತೀರ್ಮಾನಿಸಿ, ಆ ಕಾರಣಕ್ಕಾಗಿಯೇ ಅವನು ತಂದ ಆಸ್ಪತ್ರೆಯ ವರದಿಯನ್ನೂ ಪೊಲೀಸ್ ದೂರಿನ ಪ್ರತಿಯನ್ನೂ ಬದಿಗಿಟ್ಟಿದ್ದರೆ, ಅದು ಸಾಕ್ಷ್ಯವನ್ನು ತೂಗಿದಂತಾಗುವುದಿಲ್ಲ. ಆ ವರದಿಯೇ ಅವನ ಮಾತಿಗೆ ಆಧಾರವಾಗಬಹುದಿತ್ತಲ್ಲವೇ? ದಾಖಲೆಯನ್ನು ಅದು ಹೇಳುವುದಕ್ಕಾಗಿ ಓದಬೇಕೇ ಹೊರತು, ಅದರಲ್ಲಿ ಇಲ್ಲದ ಸಂಗತಿಯನ್ನು ಹಿಡಿದು ಅರ್ಜಿದಾರನ ವಿರುದ್ಧ ತಿರುಗಿಸಬಾರದು. ಗಾಯವನ್ನು ವಿವರಿಸಿದ ವೈದ್ಯರು ಹೊಡೆದವರ ಹೆಸರನ್ನು ಬರೆಯದಿರುವುದು ಸಹಜ. ಹಾಗೆಯೇ ದಿನಾಂಕದ ಸಣ್ಣ ವ್ಯತ್ಯಾಸ: ಪಹಣಿಯಲ್ಲಿ ಬೆಳೆಯ ಹೆಸರು ತಪ್ಪಾಗಿದೆ ಎಂದ ಮಾತ್ರಕ್ಕೆ ಮಂಡ್ಯದ ಯಾವ ರೈತನ ಹೊಲವೂ ಅವನ ಕೈತಪ್ಪುವುದಿಲ್ಲ. ಹಿಂಸೆ ಅನುಭವಿಸಿದವರ ನೆನಪು ಕ್ರಮವಾಗಿ ಬರುವುದಿಲ್ಲವೆಂಬುದನ್ನು ತೀರ್ಪುಗಾರರು ಮರೆಯಬಾರದೆಂದು ನಾನು ಬಲವಾಗಿ ನಂಬುತ್ತೇನೆ. ಆದರೆ ಏಕೆ ಓಡಿಬಂದೆ ಎಂಬ ಮೂಲ ಸಂಗತಿಯಲ್ಲೇ ಮಾತುಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಅದು ಸಣ್ಣದಲ್ಲ.

ಸುಳ್ಳು ದಾಖಲೆಯ ಬಗೆಗೂ ಕೇಳುತ್ತಾರೆ. ತಪ್ಪಿಸಿಕೊಳ್ಳಲು ಬಳಸಿದ ನಕಲಿ ಪಾಸ್‌ಪೋರ್ಟ್ ಒಂದು ಬಗೆ. ಕಿರುಕುಳ ನಡೆಯಿತೆಂದು ತೋರಿಸಲು ಸೃಷ್ಟಿಸಿದ ಪತ್ರ ಬೇರೆಯೇ ಬಗೆ. ಮೊದಲನೆಯದರಿಂದ ಭಯ ಸುಳ್ಳೆಂದು ತೀರ್ಮಾನಿಸಲಾಗದು. ಎರಡನೆಯದು ಇಡೀ ಪ್ರಕರಣಕ್ಕೆ ಪೆಟ್ಟು ಕೊಡಬಲ್ಲದು.

ಮೇಲ್ಮನವಿ ವಿಭಾಗವು ದಾಖಲೆಗಳನ್ನೆಲ್ಲ ತಾನೇ ಪರಿಶೀಲಿಸಿ ಸ್ವಂತ ತೀರ್ಮಾನಕ್ಕೆ ಬರಬೇಕೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯದ 2016ರ ಹುರುಗ್ಲಿಕಾ ತೀರ್ಪು ಸ್ಪಷ್ಟಪಡಿಸಿತು. ಬಾಯಿಮಾತಿನ ಸಾಕ್ಷ್ಯವನ್ನು ಎದುರಿಗೇ ಕೇಳಿದವರಿಗೆ ಕೆಲವೊಮ್ಮೆ ಹೆಚ್ಚಿನ ಅನುಕೂಲವಿರುವುದನ್ನೂ ಅದು ಒಪ್ಪಿತು. ಹೊಸ ದಾಖಲೆಗೆ ಬಾಗಿಲು ಕಿರಿದು. ಅದು ಅರ್ಜಿ ತಿರಸ್ಕೃತವಾದ ಮೇಲೆ ಹುಟ್ಟಿದ್ದಾಗಿರಬೇಕು, ಅಥವಾ ಮೊದಲು ಸಿಗುವಂತಿರಲಿಲ್ಲವೆಂದೋ, ಆ ಸಂದರ್ಭದಲ್ಲಿ ಅದನ್ನು ಕೊಡುವುದು ನಿರೀಕ್ಷಿಸತಕ್ಕದ್ದಾಗಿರಲಿಲ್ಲವೆಂದೋ ತೋರಿಸಬೇಕು. ಹಾಗೆ ಒಪ್ಪಿದ ದಾಖಲೆಯು ನಂಬಿಕೆಯ ವಿಷಯದಲ್ಲಿ ನಿರ್ಣಾಯಕ ಪ್ರಶ್ನೆ ಎಬ್ಬಿಸಿದರೆ ಮಾತ್ರ ಅರ್ಜಿದಾರನನ್ನು ಮತ್ತೆ ಕರೆದು ಕೇಳುವ ಅವಕಾಶವಿದೆ. ಆದ್ದರಿಂದ ಊರಿನಿಂದ ಪತ್ರ ಬಂದ ಲಕೋಟೆಯನ್ನು ಅಂಚೆ ಮುದ್ರೆಯ ಸಮೇತ ಇಟ್ಟುಕೊಳ್ಳಬೇಕು. ಅದು ಯಾರಿಂದ, ಯಾವಾಗ, ಏಕೆ ತಡವಾಗಿ ಬಂತೆಂಬುದನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬರೆದು ಮೇಲ್ಮನವಿಯ ಜೊತೆಯಲ್ಲೇ ಸಲ್ಲಿಸಬೇಕು.