ಪೆಪ್ಪರಮೆಂಟಿಗೆ ಬೀಜವಿಲ್ಲ

ನಮ್ಮ ಬಾಲ್ಯದಲ್ಲಿ ಅಂಗಡಿಯ ಗಾಜಿನ ಭರಣಿಯಲ್ಲಿದ್ದ ಮಿಠಾಯಿಯೆಲ್ಲವೂ, ಕಿತ್ತಳೆಯ ರುಚಿಯದಾಗಲಿ ಶುಂಠಿಯದಾಗಲಿ, ಪೆಪ್ಪರಮೆಂಟೇ ಆಗಿತ್ತು. ಅದು ಗಿಡವೊಂದರ ಹೆಸರೆಂದು ತಿಳಿದದ್ದು ಬಹಳ ತಡವಾಗಿ. ತಿಳಿದ ಹುರುಪಿನಲ್ಲಿ ‘ಪೆಪ್ಪರ್‌ಮಿಂಟ್’ ಎಂದು ಅಚ್ಚಾಗಿದ್ದ ಬೀಜದ ಪೊಟ್ಟಣವೊಂದನ್ನು ತಂದು, ಮಡಿಕೇರಿಯ ಸಮೀಪವಿರುವ ನಮ್ಮ ಮನೆಯ ಹಿತ್ತಲಲ್ಲಿ ಬಿತ್ತಿದೆ. ಮೊಳೆತ ಗಿಡದ ಎಲೆಯನ್ನು ಹಿಸುಕಿ ಮೂಸಿದರೆ ಪಲಾವಿನ ಪುದೀನದ ವಾಸನೆಯೇ ಬಂತು.

ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಪೆಪ್ಪರ್‌ಮಿಂಟ್ ಎಂಬುದು ನೀರಿನಂಚಿನಲ್ಲಿ ಬೆಳೆಯುವ ಜಲಪುದೀನ ಮತ್ತು ಪುದೀನದ ಇನ್ನೊಂದು ಜಾತಿಯಾದ ಸ್ಪಿಯರ್‌ಮಿಂಟ್‌ಗಳ ಬೆರಕೆಯಿಂದ ಹುಟ್ಟಿದ ಸಸ್ಯವಾಗಿದ್ದು, ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ನೆಲದಲ್ಲಿ ಹರಿದಾಡುವ ಬಳ್ಳಿಗಳಿಂದಲೋ ಕಡ್ಡಿಯಿಂದಲೋ ಮಾತ್ರ ವಂಶ ಮುಂದುವರಿಯುತ್ತದೆ. ಕೊನೆಗೆ ಪರಿಚಿತರ ತೋಟದಿಂದ ತಂದ ಕಡ್ಡಿಯನ್ನು ಲೋಟದ ನೀರಿನಲ್ಲಿಟ್ಟು ಬೇರು ಬರಿಸಿ, ಕುಂಡದಲ್ಲಿ ನೆಟ್ಟೆ. ಮಳೆಗಾಲದಲ್ಲಿ ಅದನ್ನು ಸೂರಿನಡಿಗೆ ಸರಿಸದಿದ್ದರೆ ನಮ್ಮೂರಿನ ಮಳೆಗೆ ಬೇರು ಕೊಳೆಯುತ್ತದೆ.

ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ರೇ ಇದನ್ನು 1696ರಲ್ಲಿ ವರ್ಣಿಸಿದ್ದಾನೆ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ‘ಮೆಂಥಾ ಪೈಪರಿಟಾ’ ಎಂಬ ಹೆಸರಿನ ಎರಡನೆಯ ಪದಕ್ಕೆ ಮೂಲ ಕಾಳುಮೆಣಸು. ನಮ್ಮ ತೋಟದ ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿಯ ಬುಡದಲ್ಲೇ ಈ ಎಲೆಯನ್ನು ಅಗಿದು ನೋಡಿದ್ದೇನೆ: ಮೊದಲು ನಾಲಗೆಗೆ ಸಣ್ಣ ಖಾರ, ಆಮೇಲೆ ಉಸಿರೆಳೆದಾಗ ಗಂಟಲವರೆಗೂ ತಂಪು. ತಂಪೆಂಬುದು ಬರಿಯ ಭ್ರಮೆ. ಎಲೆಯಲ್ಲಿರುವ ಮೆಂಥಾಲ್ ಎಂಬ ಅಂಶ, ಚಳಿಯನ್ನು ಗ್ರಹಿಸುವ ನರಗಳನ್ನೇ ಕೆಣಕುತ್ತದೆ. ಮೂಗು ಕಟ್ಟಿದಾಗ ಹಾಯೆನಿಸುವುದೂ ಹೀಗೆಯೇ, ಮೂಗಿನ ದಾರಿಯೇನೂ ಅಗಲವಾಗುವುದಿಲ್ಲ. ಆದರೂ ಜುಲೈ ತಿಂಗಳ ನೆಗಡಿಯಲ್ಲಿ ಆ ಭ್ರಮೆಯೇ ನನಗೆ ಸಾಕು.

ನಿಜವಾದ ಉಪಯೋಗ ಕರುಳಿನದು. ಪೆಪ್ಪರ್‌ಮಿಂಟ್ ಎಣ್ಣೆ ಕರುಳಿನ ಸ್ನಾಯುಗಳ ಬಿಗಿತವನ್ನು ಸಡಿಲಿಸುವುದರಿಂದ, ಪದೇ ಪದೇ ಹೊಟ್ಟೆ ಹಿಂಡುವ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂಬ ಕರುಳಿನ ತೊಂದರೆಯ ರೋಗಿಗಳಿಗೆ ವೈದ್ಯರು ಅದನ್ನು ಕ್ಯಾಪ್ಸೂಲ್ ರೂಪದಲ್ಲಿ ಸೂಚಿಸುವುದುಂಟು. ಜಠರದಲ್ಲಿ ಕರಗದೆ ಕರುಳಿನಲ್ಲಿಯೇ ಬಿಚ್ಚಿಕೊಳ್ಳುವಂತೆ ಅದಕ್ಕೆ ಲೇಪನವಿರುತ್ತದೆ. ಮನೆಯ ಕಷಾಯಕ್ಕೆ ಅಷ್ಟು ಬಲವಿದೆಯೆಂದು ನಾನು ಹೇಳಲಾರೆ. ಹಸುಗೂಸುಗಳ ಮುಖಕ್ಕಂತೂ ಮೆಂಥಾಲ್ ಹಚ್ಚಲೇಬಾರದು, ಉಸಿರಾಟಕ್ಕೆ ಅಪಾಯ.

ಅದೇ ಸಡಿಲಿಕೆ ಅನ್ನನಾಳ ಮತ್ತು ಜಠರದ ನಡುವಿನ ಕವಾಟಕ್ಕೂ ತಗುಲುವುದರಿಂದ ಎದೆಯುರಿಯಿರುವವರಿಗೆ ಇದು ಆಗಿಬರುವುದಿಲ್ಲ. ಕೊಡವರ ಕೈಲ್‌ಪೊದ್ ಹಬ್ಬದಂದು ಕಡಂಬುಟ್ಟು ಎಂಬ ಅಕ್ಕಿಯ ಉಂಡೆ, ಪಂದಿಕರಿ ಎಂಬ ಹಂದಿಮಾಂಸದ ಸಾರು ಉಂಡು ಎದೆ ನೀವಿಕೊಳ್ಳುತ್ತಿದ್ದ ಚಿಕ್ಕಮ್ಮ, ‘ನಿನ್ನ ಆ ಸೊಪ್ಪಿನ ಚಹಾ ಕೊಡು’ ಎಂದರು. ನಾನು ಬರಿಯ ಬಿಸಿನೀರು ಕೊಟ್ಟೆ. ಕುಂಡದ ತುಂಬ ಎಲೆ ಕಾಣುತ್ತಿದ್ದುದರಿಂದ ಅವರು ಸಂಜೆಯವರೆಗೂ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.