ಎಂಜಿಬಿಗೆ ಆಯಿಲ್ ಕೂಲರ್ ಬೇಕಾ?

ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ನನ್ನ ಮನೆ ಮುಂದೆ 1972ರ ಎಂಜಿಬಿ ಜಿಟಿ ನಿಂತಿದೆ, ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇಂಥ ಕಾರಿನವರು ಇಬ್ಬರು ಸೇರಿದರೆ ಒಂದು ವಾದ ಗ್ಯಾರಂಟಿ: ಎಂಜಿನ್ ಆಯಿಲನ್ನು ಗಾಳಿಗೊಡ್ಡಿ ತಣಿಸುವ ಪುಟ್ಟ ರೇಡಿಯೇಟರ್, ಅಂದರೆ ಆಯಿಲ್ ಕೂಲರ್, ಇರಬೇಕಾ, ಕಿತ್ತು ಹಾಕಬೇಕಾ? ನಾನು ಹೇಳುವುದು ಇಷ್ಟೇ. ಇರಲಿ, ಆದರೆ ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ಆಯಿಲನ್ನು ಕೂಲರಿಗೆ ಬಿಡುವ ವಾಲ್ವ್) ಇಲ್ಲದೆ ಬೇಡ.

ಕೂಲರ್ ಸುಮ್ನೆ ಬಂದದ್ದಲ್ಲ. ಎಂಜಿಬಿ ಬಂದದ್ದು 1962ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಇಂಗ್ಲೆಂಡಿನ ಎಂ1 ಮೋಟರ್‌ವೇ (ಹೆದ್ದಾರಿ) ತೆರೆದಿತ್ತು, ವೇಗಕ್ಕೆ ಮಿತಿಯೇ ಇರಲಿಲ್ಲ. ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಇಲ್ಲದ ಎಂಜಿಬಿಯಲ್ಲಿ ಗಂಟೆಗೆ 70 ಮೈಲಿ ಅಂದರೆ ಸುಮಾರು 3,900 ಆರ್‌ಪಿಎಂ. ಬೇಸಿಗೆಯಲ್ಲಿ ಹಾಗೇ ಓಡಿಸುತ್ತಾ ಹೋದರೆ ಆಯಿಲ್ ಕಾದು ತೆಳುವಾಗುತ್ತದೆ, ಪ್ರೆಶರ್ ಇಳಿಯುತ್ತದೆ. ಅಲ್ಲಿ ಕೂಲರ್ ಬೇಕೇ ಬೇಕು.

ಆದರೆ ಜನವರಿಯಲ್ಲಿ ಅಂಗಡಿಗೆ ಹೋಗಿ ಬರುವುದಕ್ಕೆ? ಎಂಜಿನ್ ನೀರಿನ ಬಿಸಿ ತೋರಿಸುವ ಮುಳ್ಳು ಬೇಗ ಮೇಲೇರಿ ನಿಲ್ಲುತ್ತದೆ, ಎಂಜಿನ್ ಬಿಸಿಯಾಯ್ತು ಅಂದುಕೊಳ್ಳುತ್ತೇವೆ. ಆಯಿಲ್ ಮಾತ್ರ ಇನ್ನೂ ತಣ್ಣಗೇ ಇರುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಹಬೆ ಪಿಸ್ಟನ್ ಪಕ್ಕದಿಂದ ಜಾರಿ ಅದರೊಳಗೆ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ತಾನೇ ಅದು ಆರಿಹೋಗುವುದು? ರಾಕರ್ ಕವರಿನ (ಎಂಜಿನ್ ಮೇಲಿನ ಹೊದಿಕೆ) ಮುಚ್ಚಳ ತಿರುಗಿಸಿ ನೋಡಿ, ಹಾಲು ಜಾಸ್ತಿಯಾದ ಕಾಫಿ ಬಣ್ಣದ ಲೋಳೆ ಅಂಟಿರುತ್ತದೆ. ನೀರು ಆಯಿಲಿಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತ ಗಾಬರಿಯಾಗುವವರೂ ಇದ್ದಾರೆ. ಎಷ್ಟೋ ಸಲ ಕಾರಣ ಬರೀ ಚಳಿ ಮತ್ತು ಹತ್ತಿರದ ಓಡಾಟ.

ಥರ್ಮೋಸ್ಟಾಟ್ ಹಾಕಿದರೆ ಆಯಿಲ್ ಸುಮಾರು 80 ಡಿಗ್ರಿಗೆ ಬರುವ ತನಕ ಹೆಚ್ಚಿನ ಪಾಲು ಕೂಲರ್ ಕಡೆ ಹೋಗದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ಕೆಲವರು ಚಳಿಗಾಲದಲ್ಲಿ ಕೂಲರ್ ಮುಂದೆ ರಟ್ಟು ಕಟ್ಟುತ್ತಾರೆ. ಅದೂ ನಡೆಯುತ್ತದೆ, ಮೇ ತಿಂಗಳಲ್ಲಿ ತೆಗೆಯುವ ನೆನಪಿದ್ದರೆ! ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಪ್ರೆಶರ್ ಮೀಟರ್ ಇದೆ, ಆಯಿಲ್ ಎಷ್ಟು ಕಾದಿದೆ ಅಂತ ತೋರಿಸುವುದು ಇಲ್ಲ. ಅದೊಂದನ್ನು ಹಾಕಿಸಿಕೊಂಡರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ನನಗೆ ನಿಜವಾದ ಭಯ ಇರುವುದು ಹೋಸ್‌ಗಳದ್ದು. ಕೂಲರಿನ ಎರಡು ಹೋಸ್ ರೇಡಿಯೇಟರ್ ಪಕ್ಕದ ತಗಡಿನ ತೂತಿನಲ್ಲಿ ತೂರಿ ಬರುತ್ತವೆ. ಅಲ್ಲಿರುವ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಒಣಗಿ ಬಿದ್ದುಹೋದರೆ ತಗಡಿನ ಅಂಚು ಹೋಸನ್ನು ದಿನಾ ಸ್ವಲ್ಪ ಸ್ವಲ್ಪ ಕೆರೆಯುತ್ತದೆ. ಹೋಸ್ ಒಡೆದರೆ ಪಂಪ್ ಎಂಜಿನ್ ಅಡಿಯ ತೊಟ್ಟಿಯಲ್ಲಿರುವ ಆಯಿಲನ್ನೆಲ್ಲ ರಸ್ತೆಗೆ ಸುರಿಯುತ್ತದೆ. ನೀವು ಪ್ರೆಶರ್ ಮೀಟರ್ ಕಡೆ ಕಣ್ಣು ಹಾಯಿಸುವಷ್ಟರಲ್ಲಿ ಬೇರಿಂಗ್ ಕಥೆ ಮುಗಿದಿರಬಹುದು. ಕಾರ್ ಕೊಳ್ಳುವಾಗ ಆ ಜಾಗಕ್ಕೆ ಬೆರಳು ಹಾಕಿ ನೋಡಿ. ಹೋಸಿನ ರಬ್ಬರ್ ಸೀಳಿದ್ದರೆ ಎರಡೂ ಹೋಸ್ ಬದಲಾಯಿಸಿದ ಮೇಲೇ ಮನೆಗೆ ಓಡಿಸಿ.