ಸ್ವಿಫ್ಟ್ ಕಂಟೇನರ್ ಅಳಿಸಲು ಒಂದು ಕರೆ ಸಾಕು, ಖಾಲಿ ಮಾಡಲು ಸಾಲದು

ಓಪನ್‌ಸ್ಟ್ಯಾಕ್ ಸ್ವಿಫ್ಟ್ ಎಂಬ ಕ್ಲೌಡ್ ಸಂಗ್ರಹ ವ್ಯವಸ್ಥೆಯಲ್ಲಿ ಕಂಟೇನರ್ (ಫೈಲ್‌ಗಳನ್ನು ಇಡುವ ಡಬ್ಬಿ) ಅಳಿಸಲು ಬೇಕಾದದ್ದು ಒಂದೇ ಒಂದು ಡಿಲೀಟ್ ರಿಕ್ವೆಸ್ಟ್. ಆದರೆ ಒಳಗೆ ಒಂದು ಆಬ್ಜೆಕ್ಟ್ (ಅಲ್ಲಿಟ್ಟ ಫೈಲ್) ಉಳಿದಿದ್ದರೂ ಉತ್ತರ 409, ಅಂದರೆ 'ಖಾಲಿ ಇಲ್ಲ, ಅಳಿಸಲಾರೆ' ಎಂಬ ಎರರ್. ಹಾಗಾಗಿ ಕಂಟೇನರ್ ಅಳಿಸಲು ಬರೆಯುವ ಸ್ಕ್ರಿಪ್ಟ್‌ನ ನಿಜವಾದ ಕೆಲಸ ಕಂಟೇನರನ್ನು ಬರಿದು ಮಾಡುವುದು. ಈ 409 ಬಗ್ಗೆ ಗೊಣಗುವವರು ಬಹಳ. ನನಗಂತೂ ಅದು ಒಳ್ಳೆಯ ಕಾವಲುಗಾರ ಅನಿಸುತ್ತದೆ. ಮೈಕ್ರೋಸಾಫ್ಟ್‌ನ ಇಂಥದೇ ಸೇವೆ ಅಜೂರ್ ಬ್ಲಾಬ್ ಸ್ಟೋರೇಜ್‌ನಲ್ಲಿ ಕಂಟೇನರ್ ಅಳಿಸಿದರೆ ಒಳಗಿನದೆಲ್ಲ ಅದರ ಜೊತೆಗೇ ಹೋಗುತ್ತದೆ. ಸಾಫ್ಟ್ ಡಿಲೀಟ್ (ಅಳಿಸಿದ್ದನ್ನು ಸ್ವಲ್ಪ ಕಾಲ ಮರಳಿ ಪಡೆಯುವ ಸೌಲಭ್ಯ) ಆನ್ ಮಾಡಿರದಿದ್ದರೆ ತಪ್ಪು ಹೆಸರು ಕೊಟ್ಟ ಮೇಲೆ ಮಾಡಲು ಏನೂ ಉಳಿಯುವುದಿಲ್ಲ.

ಮೊದಲು ಟೋಕನ್, ಅಂದರೆ ಪ್ರವೇಶದ ಚೀಟಿ. ಓಪನ್‌ಸ್ಟ್ಯಾಕ್‌ನ ಲಾಗಿನ್ ಸೇವೆಯಾದ ಕೀಸ್ಟೋನ್‌ಗೆ ಲಾಗಿನ್ ವಿವರ ಪೋಸ್ಟ್ ಮಾಡಿದರೆ 201 (ಯಶಸ್ಸು) ಬರುತ್ತದೆ, ಟೋಕನ್ ಇರುವುದು ಉತ್ತರದ ಎಕ್ಸ್-ಸಬ್ಜೆಕ್ಟ್-ಟೋಕನ್ ಹೆಡರ್‌ನಲ್ಲಿ. ಮುಂದಿನ ಕರೆಗಳಲ್ಲಿ ಅದನ್ನೇ ಎಕ್ಸ್-ಆಥ್-ಟೋಕನ್ ಹೆಸರಲ್ಲಿ ಕಳಿಸಬೇಕು. ಲಕ್ಷಗಟ್ಟಲೆ ಆಬ್ಜೆಕ್ಟ್ ಇದ್ದರೆ ಕೆಲಸದ ನಡುವೆಯೇ ಟೋಕನ್ ಅವಧಿ ಮುಗಿದು 401 (ಅನುಮತಿ ಇಲ್ಲ) ಬರಬಹುದು. ಎಲ್ಲ ಕರೆಗಳೂ ಒಂದೇ ಫಂಕ್ಷನ್ ಮೂಲಕ ಹೋಗಲಿ. 401 ಕಂಡರೆ ಹೊಸ ಟೋಕನ್ ತಂದು ಅದೇ ಕರೆಯನ್ನು ಒಮ್ಮೆ ಮಾತ್ರ ಮತ್ತೆ ಮಾಡಲಿ.

ಕಂಟೇನರ್‌ನಲ್ಲಿರುವ ಆಬ್ಜೆಕ್ಟ್‌ಗಳ ಪಟ್ಟಿ ಕೇಳಿದಾಗ ಡೀಫಾಲ್ಟ್ ಆಗಿ ಒಂದು ಸಲಕ್ಕೆ 10,000 ಹೆಸರು ಸಿಗುತ್ತವೆ. ಕೊನೆಯ ಹೆಸರನ್ನು ಮಾರ್ಕರ್ ಆಗಿ ಕೊಟ್ಟು ಮುಂದಿನ ಕಂತು ಕೇಳಿ. ಹತ್ತು ಸಾವಿರಕ್ಕಿಂತ ಕಡಿಮೆ ಬಂತು ಎಂದು ಅಲ್ಲಿಗೇ ನಿಲ್ಲಬೇಡಿ, ಆ ಮಿತಿಯನ್ನು ಸೇವೆ ನಡೆಸುವವರು ಬದಲಿಸಿರಬಹುದು. ಖಾಲಿ ಪಟ್ಟಿ ಬಂದಾಗ ಮಾತ್ರ ಮುಗಿಯಿತು.

ಹೆಚ್ಚಿನ ಸ್ಕ್ರಿಪ್ಟ್‌ಗಳು ಎಡವುವುದು ಹೆಸರುಗಳಲ್ಲಿ. ಸ್ಪೇಸ್, ಕನ್ನಡ ಅಕ್ಷರ, ಶೇಕಡಾ ಚಿಹ್ನೆ ಎಲ್ಲವನ್ನೂ ಯುಟಿಎಫ್-8ರಲ್ಲಿ ಯುಆರ್‌ಎಲ್ ಎನ್‌ಕೋಡ್ (ವಿಳಾಸದಲ್ಲಿ ಕಳಿಸಬಹುದಾದ ಸಂಕೇತಗಳಾಗಿ ಬದಲಿಸುವುದು) ಮಾಡಲೇಬೇಕು, ಮಾರ್ಕರನ್ನೂ ಸೇರಿಸಿ. ಮಾಡದಿದ್ದರೆ ಬರೀ ಎರರ್ ಬರುತ್ತದೆ ಅಂದುಕೊಳ್ಳಬೇಡಿ. 'ವರದಿ#2' ಎಂಬ ಆಬ್ಜೆಕ್ಟನ್ನು ಹಾಗೇ ಕಳಿಸಿದರೆ # ನಂತರದ ಭಾಗ ಸರ್ವರ್ ತಲುಪುವುದೇ ಇಲ್ಲ, ಅಳಿಯುವುದು 'ವರದಿ'! ಅಂಥ ಹೆಸರಿನದು ಇಲ್ಲದಿದ್ದರೆ 404 (ಸಿಗಲಿಲ್ಲ) ಬರುತ್ತದೆ. ಸ್ಕ್ರಿಪ್ಟ್ ಅದನ್ನು 'ಮೊದಲೇ ಅಳಿದಿದೆ' ಎಂದು ಲೆಕ್ಕ ಹಾಕಿ ಮುಂದೆ ಹೋಗುತ್ತದೆ, ಕೊನೆಗೆ 409 ಯಾಕೆ ಬಂತೆಂದು ಗೊತ್ತಾಗುವುದಿಲ್ಲ.

ಒಂದೊಂದಾಗಿ ಅಳಿಸುವುದಕ್ಕಿಂತ ಬಲ್ಕ್ ಡಿಲೀಟ್ (ಒಂದೇ ಕರೆಯಲ್ಲಿ ಹಲವನ್ನು ಅಳಿಸುವುದು) ಎಷ್ಟೋ ವೇಗ. ಸಾಲಿಗೊಂದರಂತೆ ಕಂಟೇನರ್ ಮತ್ತು ಆಬ್ಜೆಕ್ಟ್ ಹೆಸರು ಬರೆದು, ಕಂಟೆಂಟ್-ಟೈಪ್ ಟೆಕ್ಸ್ಟ್/ಪ್ಲೇನ್ ಇಟ್ಟು ಪೋಸ್ಟ್ ಮಾಡುವುದು. ಡೀಫಾಲ್ಟ್ ಮಿತಿ 10,000 ಸಾಲು. ನಾನಾದರೆ 1,000 ಇಡುತ್ತೇನೆ, ಟೈಮ್‌ಔಟ್ ಆದರೆ ಮರುಪ್ರಯತ್ನ ಅಗ್ಗ. ಗಮನಿಸಿ: ಒಳಗೆ ಎಷ್ಟೇ ವಿಫಲವಾಗಿದ್ದರೂ ಎಚ್‌ಟಿಟಿಪಿ ಸ್ಟೇಟಸ್ 200 (ಯಶಸ್ಸು) ಎಂದೇ ತೋರಿಸುತ್ತದೆ. ಕೆಲಸ ಮುಗಿಯುವವರೆಗೆ ಕನೆಕ್ಷನ್ ಕಡಿಯದಿರಲೆಂದು ಸರ್ವರ್ ಮೊದಲೇ ಉತ್ತರ ಶುರು ಮಾಡಿರುತ್ತದೆ. ಸತ್ಯ ಇರುವುದು ಬಾಡಿಯಲ್ಲಿ: 'ರೆಸ್ಪಾನ್ಸ್ ಸ್ಟೇಟಸ್' ಮತ್ತು 'ಎರರ್ಸ್' ಓದದ ಸ್ಕ್ರಿಪ್ಟನ್ನು ನಂಬಬೇಡಿ. ಬಲ್ಕ್ ಡಿಲೀಟ್ ಇಲ್ಲದ ಕಡೆ ಒಂದೊಂದಾಗಿ ಅಳಿಸಲು ಏಕಕಾಲಕ್ಕೆ ಹತ್ತು ಥ್ರೆಡ್ ಸಾಕು. 498 ಅಥವಾ 429 ಬಂದರೆ ಮಿತಿ ದಾಟಿದಿರಿ ಎಂದರ್ಥ, ಪ್ರತಿ ಸಲ ಕಾಯುವ ಸಮಯ ಇಮ್ಮಡಿ ಮಾಡಿ.

ತುಂಡುಗಳಾಗಿ ಇಟ್ಟ ದೊಡ್ಡ ಫೈಲ್‌ಗಳು ಬೇರೆಯೇ ಕಥೆ. ಇವುಗಳಲ್ಲಿ ಸ್ಟ್ಯಾಟಿಕ್, ಡೈನಾಮಿಕ್ ಎಂದು ಎರಡು ಬಗೆ. ಸ್ಟ್ಯಾಟಿಕ್ ಲಾರ್ಜ್ ಆಬ್ಜೆಕ್ಟ್‌ನ ಮ್ಯಾನಿಫೆಸ್ಟ್ (ತುಂಡುಗಳ ಪಟ್ಟಿ) ಅಳಿಸಿದರೆ ತುಂಡುಗಳು ಹಾಗೇ ಉಳಿಯುತ್ತವೆ, ಸಾಮಾನ್ಯವಾಗಿ '_ಸೆಗ್ಮೆಂಟ್ಸ್' ಎಂದು ಕೊನೆಯಾಗುವ ಇನ್ನೊಂದು ಕಂಟೇನರ್‌ನಲ್ಲಿ. ಅವುಗಳ ಬಾಡಿಗೆಯೂ ಏರುತ್ತಿರುತ್ತದೆ. ಕರೆಗೆ ಮಲ್ಟಿಪಾರ್ಟ್-ಮ್ಯಾನಿಫೆಸ್ಟ್=ಡಿಲೀಟ್ ಸೇರಿಸಿದರೆ ಎರಡೂ ಹೋಗುತ್ತವೆ. ಡೈನಾಮಿಕ್ ಬಗೆಯದಕ್ಕೆ ಈ ಅನುಕೂಲ ಇಲ್ಲ, ತುಂಡುಗಳನ್ನು ಬೇರೆಯಾಗಿ ಅಳಿಸಬೇಕು.

ಇಷ್ಟಾದರೂ ಕಂಟೇನರ್ 409 ಎನ್ನಬಹುದು. ಆಬ್ಜೆಕ್ಟ್ ಅಳಿದ ಸುದ್ದಿ ಕಂಟೇನರ್‌ನ ಪಟ್ಟಿಗೆ ತಡವಾಗಿ ತಲುಪುವುದು ಸ್ವಿಫ್ಟ್‌ನ ವಿನ್ಯಾಸವೇ. 5, 10, 20 ಸೆಕೆಂಡ್ ಹೀಗೆ ಕಾದು, ಪ್ರತಿ ಸಲವೂ ಪಟ್ಟಿಯನ್ನು ಮೊದಲಿನಿಂದ ತರಿಸಿ ಮತ್ತೆ ಪ್ರಯತ್ನಿಸಿ. ಹೊಸ ಹೆಸರುಗಳು ಕಾಣುತ್ತಲೇ ಇದ್ದರೆ ಇನ್ನೂ ಯಾವುದೋ ಪ್ರೋಗ್ರಾಂ ಅಲ್ಲಿಗೆ ಬರೆಯುತ್ತಿದೆ. ಅದನ್ನು ನಿಲ್ಲಿಸದೆ ಮುಂದುವರಿಯಬೇಡಿ. ಅವೇ ಹೆಸರುಗಳು ಉಳಿದು, ಅಳಿಸಿದಾಗಲೆಲ್ಲ 404 ಬರುತ್ತಿದ್ದರೆ ಎಂಟು ಪ್ರಯತ್ನಕ್ಕೆ ನಿಲ್ಲಿಸಿ, ಆ ಹೆಸರುಗಳನ್ನು ಲಾಗ್‌ಗೆ ಬರೆದು ಸೇವೆ ನಡೆಸುವವರಿಗೆ ಕಳಿಸಿ.